ನಿಂಬೆಹಣ್ಣು ಒಡೆಯದ ಸೈಕಲ್ಲು

ಮುಂದೆ ಹಿಂದೆ ಎರಡೂ ಕಡೆ ಸಸ್ಪೆನ್ಷನ್ ಇರುವ ಸೈಕಲ್ ಕೊಳ್ಳಲು ಮಾರತ್ತಹಳ್ಳಿಯ ಅಂಗಡಿಗೆ ಹೊರಟಾಗ ನಮ್ಮ ಮನೆ ಓನರ್ ಮುನಿರಾಜಣ್ಣ ಕೂಡ ಬಂದರು. ಗಾಡಿ ತಗೊಳ್ಳುವಾಗ ಹಿರಿಯರೊಬ್ಬರು ಇರಬೇಕಂತೆ.

ನನ್ನ ಬಜೆಟ್ಟಿಗೆ ಎರಡು ಸೈಕಲ್ ಸಿಕ್ಕವು. ಒಂದರ ಮುಂದಿನ ಚಕ್ರ ಹಿಡಿಯುವ ಫೋರ್ಕಿನಲ್ಲಿ ಸ್ಪ್ರಿಂಗು, ಇನ್ನೊಂದರಲ್ಲಿ ಗಾಳಿ.

"ಗಾಳೀದೇ ತಗೊಳ್ಳಿ ಸಾರ್, ಕಲ್ಲು ಹತ್ತಿದ್ರೂ ಕೈಗೆ ಗೊತ್ತಾಗಲ್ಲ," ಅಂದ ಸೇಲ್ಸ್‌ಮನ್.

ಮುನಿರಾಜಣ್ಣ ಜೇಬಿನಿಂದ ಎರಡು ನಿಂಬೆಹಣ್ಣು ತೆಗೆದು ಎರಡೂ ಸೈಕಲ್ಲಿನ ಮುಂದಿನ ಚಕ್ರಕ್ಕೆ ಒಂದೊಂದು ಇಟ್ಟು, ನನಗೆ "ಅತ್ತಿಸು" ಅಂದರು. ಸ್ಪ್ರಿಂಗಿನದು ಹಣ್ಣನ್ನು ಪಚಕ್ಕನೆ ಒಡೆಯಿತು. ಗಾಳಿಯದು ಮೆಲ್ಲಗೆ ಹತ್ತಿ ಇಳಿಯಿತು. ಹಣ್ಣು ಹಾಗೇ ಇತ್ತು.

"ನೋಡಿದ್ರಾ ಸಾರ್," ಅಂದ ಸೇಲ್ಸ್‌ಮನ್, ಹೆಮ್ಮೆಯಿಂದ.

"ನೋಡ್ದಾ," ಅಂದರು ಮುನಿರಾಜಣ್ಣ ನನ್ನ ಕಡೆ ತಿರುಗಿ. "ನಿಂಬೆಹಣ್ಣೇ ಒಡೀದಿರೋ ಗಾಡಿ ದಿಷ್ಟಿ ಎಂಗೆ ತಡೀತದೆ?"

ನಾನು ಗಾಳಿಯದನ್ನೇ ಕೊಂಡೆ. ಮನೆ ಮುಂದೆ ಪೂಜೆ ಮಾಡಿದಾಗಲೂ ಹಣ್ಣು ಒಡೆಯಲಿಲ್ಲ. ಮುನಿರಾಜಣ್ಣ ಹೋಗಿ, ಹೊಲವೆಲ್ಲ ಪಿಜಿ ಹಾಸ್ಟೆಲ್ ಆದಮೇಲೂ ಮಾರದೆ ಇಟ್ಟುಕೊಂಡಿದ್ದ ಟ್ರ್ಯಾಕ್ಟರ್ ತಂದು ಆ ನಿಂಬೆಹಣ್ಣಿನ ಮೇಲೆ ಹತ್ತಿಸಿದರು. ಪೂಜೆ ಮುಗಿಯಿತು.

ಆ ಟ್ರ್ಯಾಕ್ಟರ್ ಅವತ್ತಿನಿಂದ ಒಮ್ಮೆಯೂ ಕೆಟ್ಟಿಲ್ಲ. ನನ್ನ ಸೈಕಲ್ ಮರುದಿನವೇ ಪಂಕ್ಚರ್ ಆಯಿತು.