ಹಗೇವಿನ ಬಾಯಿಗೆ ಅಡ್ಡ ಕೂತ ಹಡಗಿನಜ್ಜ

ಮೊನ್ನೆ ಬಹಳ ದಿನ ಮುಚ್ಚಿಟ್ಟಿದ್ದ ಜೋಳದ ಡ್ರಮ್ಮಿನ ಮುಚ್ಚಳ ತೆಗೆದೆ. ಬೆಚ್ಚಗಿನ, ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಬೆಚ್ಚಿ ಹಿಂದೆ ಸರಿದೆ... ಹಡಗಿನಜ್ಜ ನೆನಪಾದರು.

ನಾನು ಮದುವೆಯಾಗಿ ಜಗಳೂರಿಗೆ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಆಗಿನ್ನೂ ಜೋಳವನ್ನು ಹಗೇವಿನಲ್ಲಿ, ಅಂದರೆ ಮನೆ ಮುಂದೆ ನೆಲದೊಳಗೆ ತೋಡಿದ ಆಳದ ಕಣಜದಲ್ಲಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಪಕ್ಕದ ಮನೆಯಲ್ಲಿ ಎಂಬತ್ತರ ಹತ್ತಿರದ ಒಬ್ಬ ಒಂಟಿ ಮುದುಕರಿದ್ದರು. ಬೀದಿಯವರೆಲ್ಲ ಹಡಗಿನಜ್ಜ ಎನ್ನುತ್ತಿದ್ದರು. ಅವರ ಬಾಗಿಲಿಗೆ ಚಿಲಕವೇ ಇರಲಿಲ್ಲ. ಯಾರ ಮನೆಯಲ್ಲಾದರೂ ಕಬ್ಬಿಣದ ಟ್ರಂಕು ಕಂಡರೆ ಬೆರಳಿನಿಂದ ತಟ್ಟಿ, ಕಿವಿಯಿಟ್ಟು ಕೇಳುತ್ತಿದ್ದರು.

ಒಂದು ಮಧ್ಯಾಹ್ನ ಮಜ್ಜಿಗೆ ಕೊಡಲು ಹೋದಾಗ ಅದೇಕೆ ಎಂದು ಕೇಳಿದೆ.

ಹುಡುಗರಾಗಿದ್ದಾಗ ಅವರೂ ಅವರ ತಮ್ಮನೂ ಮುಂಬಯಿಗೆ ಓಡಿಹೋಗಿ, ಇಂಗ್ಲಿಷರ ಹಡಗಿನಲ್ಲಿ ಒಲೆಗೆ ಕಲ್ಲಿದ್ದಲು ಹಾಕುವ ಕೆಲಸಕ್ಕೆ ಸೇರಿದ್ದರಂತೆ. ಮೊದಲನೆಯ ಮಹಾಯುದ್ಧದ ಕಾಲ. ಇಂಗ್ಲೆಂಡಿನ ಒಂದು ಬಂದರಿನ ಬಾಯಿಗೆ ಜರ್ಮನಿಯ ಸಬ್‌ಮರೀನೊಂದು ಬಂದು, ನೀರಿನಡಿಯಲ್ಲೇ ಸಿಡಿಗುಂಡುಗಳನ್ನು ಬಿಟ್ಟು ಹೋಗುತ್ತಿತ್ತು.

“ಕೂರಿಗೇಲಿ ಕಾಳು ಬಿಟ್ಟಂಗೆ ಕಣವ್ವ. ಇಂಗ್ಲಿಷ್ರು ಆರಿಸಿ ತೆಗೆಯಾದು, ಅದು ಮತ್ತೆ ಬಂದು ಬಿತ್ತಾದು.”

ಅಂಥದೊಂದು ಸಿಡಿಗುಂಡಿಗೆ ಇವರ ಹಡಗು ತಾಗಿತು. ಒಲೆಯ ಹತ್ತಿರವಿದ್ದ ತಮ್ಮ ಮೇಲೆ ಬರಲಿಲ್ಲ. ಅಜ್ಜ ಬದುಕಿ, ಅದೇ ಬಂದರಿನಲ್ಲಿ ಕೂಲಿಗೆ ನಿಂತರು. ಕೆಲವು ತಿಂಗಳಲ್ಲಿ ಆ ಸಬ್‌ಮರೀನು ತಾನೇ ಬಿತ್ತಿದ ಸಿಡಿಗುಂಡಿಗೆ ಸಿಕ್ಕಿ ಮುಳುಗಿತು. ಸರಪಳಿ ಕಟ್ಟಿ ದಡಕ್ಕೆ ಎಳೆದು, ಹೆಣ ಹೊರಲು ಕೂಲಿಗಳನ್ನು ಕರೆದರು. ತಮ್ಮನನ್ನು ಕೊಂದವರ ಮುಖಕ್ಕೆ ಉಗುಳಬೇಕೆಂದೇ ಅಜ್ಜ ಹೋದರು.

ಅದರ ಹಿಂಭಾಗ ಮಾತ್ರ ಒಡೆದಿತ್ತು. ಮುಂದಿನ ಕೋಣೆಗೆ ನೀರು ಹೊಕ್ಕಿರಲಿಲ್ಲ. ಅಲ್ಲಿದ್ದವರು ಉಸಿರಾಡಲು ಗಾಳಿಯಿಲ್ಲದೆ ಸತ್ತಿದ್ದರು... ಕೋಣೆ ತೆರೆದೊಡನೆ ಒಳಗೆ ಹೋದ ಕೂಲಿ ಅಲ್ಲೇ ಕುಸಿದ. ಅವನನ್ನು ಎತ್ತಲು ಹೋದವನೂ ಬಿದ್ದ. ಗಾಳಿ ಆಡಿದ ಮೇಲೆ ಅಜ್ಜ ಹೊಕ್ಕಾಗ, ಸತ್ತ ಜರ್ಮನರಲ್ಲಿ ಒಬ್ಬನ ಕೈಯಲ್ಲಿ ಸ್ಪ್ಯಾನರ್ ಇತ್ತು. ಅವನೆದುರಿನ ಕಬ್ಬಿಣದ ಗೋಡೆ ತಟ್ಟಿಸಿಕೊಂಡು ಬಣ್ಣ ಕಿತ್ತು ಹೊಳೆಯುತ್ತಿತ್ತು.

“ಮೀಸೆ ಮೂಡಿರ್ಲಿಲ್ಲ, ನನ್ ತಮ್ಮನಂಗೇ ಇದ್ದ. ಉಗುಳಾಕೆ ಬಾಯಾಗೆ ಪಸೆ ಇರ್ಲಿಲ್ಲ ಕಣವ್ವ. ಅವತ್ತಿಂದ ಮುಚ್ಚಿದ್ದು ಏನ್ ಕಂಡ್ರೂ ಒಳಗೆ ಯಾರೋ ತಟ್ಟಿದಂಗಾಗ್ತೈತೆ.”

ಮುಂದಿನ ಬೇಸಿಗೆಯಲ್ಲಿ ನಮ್ಮ ಹಗೇವು ತೆಗೆದರು. ಕೆಟ್ಟ ಗಾಳಿ ಹೊರಗೆ ಹೋಗುವ ತನಕ ಕಾದು, ದೀಪ ಇಳಿಸಿ ನೋಡಿ, ಅದು ಆರದಿದ್ದರೆ ಮಾತ್ರ ಇಳಿಯಬೇಕು. ನನ್ನ ಮೈದುನನಿಗೆ ಅವಸರ. ಇಳಿದೇಬಿಟ್ಟ. “ಅಣ್ಣಾ” ಅಂದದ್ದು ಒಮ್ಮೆ ಕೇಳಿತು. ಆಮೇಲೆ ಸದ್ದಿಲ್ಲ.

ನಮ್ಮ ಮನೆಯವರು ಪಂಚೆ ಎತ್ತಿಕಟ್ಟಿ ಇಳಿಯಲು ನುಗ್ಗಿದರು. ಎಲ್ಲಿದ್ದರೋ ಅಜ್ಜ, ಬಂದು ಹಗೇವಿನ ಬಾಯಿಗೆ ಅಡ್ಡ ಕೂತು ಅವರ ಎರಡೂ ಕಾಲು ತಬ್ಬಿ ಹಿಡಿದರು.

“ಬಿಡಾಕಿಲ್ಲ! ಒಬ್ಬ ಹೋಗ್ಯಾನೆ, ಸಾಕು. ಕಂಬಳಿ ಬೀಸ್ರೋ, ಗಾಳಿ ಆಡ್ಲಿ!”

ಇವರು ಆ ಮುದಿ ಬೆನ್ನಿಗೆ ಗುದ್ದಿದರು. ಅಜ್ಜ ಬಿಡಲಿಲ್ಲ. ಇಳಿಸಿದ ದೀಪ ಆರಿತು. ಕಂಬಳಿ ಬೀಸಿ ಮತ್ತೆ ಇಳಿಸಿದರು, ಮತ್ತೆ ಆರಿತು. ಕೊನೆಗೆ ಉರಿದು ನಿಂತಾಗ ಒಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಮೈದುನನನ್ನು ತಂದರು. ಉಸಿರಿರಲಿಲ್ಲ.

“ನನ್ ಮಗನ್ನ ಉಳಿಸಾಕೆ ಬಿಡ್ಲಿಲ್ಲ ಈ ಮುದುಕ!” ಎಂದು ಅತ್ತೆ ಬೀದಿಯಲ್ಲಿ ಎದೆ ಬಡಿದುಕೊಂಡರು. ಅಜ್ಜ ತಲೆಯೆತ್ತಲಿಲ್ಲ. ಅವತ್ತಿನಿಂದ ನಮ್ಮ ಮನೆಯವರ್‍ಯಾರೂ ಅವರೊಡನೆ ಮಾತಾಡಲಿಲ್ಲ. ಅತ್ತೆಗೆ ಕಾಣದಂತೆ ನಾನು ಹಿತ್ತಲ ಗೋಡೆಯ ಮೇಲೆ ರೊಟ್ಟಿ ಇಡುತ್ತಿದ್ದೆ. ಅವರು ಹಿಡಿದ ಆ ಕಾಲುಗಳು ನನ್ನ ಗಂಡನವು.

ಒಂದು ದಿನ ಗೋಡೆಯಾಚೆಯಿಂದ ಕೇಳಿದರು, “ಹಗೇವು ಮುಚ್ಚಿದ್ರೇನವ್ವ?”

ಮುಚ್ಚಿದ್ದೇವೆ ಎಂದೆ.

“ಅಣ್ಣಾ ಅಂತಾನೆ... ಹಗಲೆಲ್ಲ ಅಣ್ಣಾ ಅಂತಾನೆ.”

ಯಾರ ತಮ್ಮ ಎಂದು ನಾನು ಕೇಳಲಿಲ್ಲ.

ಎಂಬತ್ತರ ದಶಕದ ಆರಂಭದಲ್ಲಿ ಅಜ್ಜ ತೀರಿಕೊಂಡರು. ಅತ್ತೆ ಬೇಡವೆಂದರೂ ಇವರು ಹೋಗಿ ಹೆಗಲು ಕೊಟ್ಟು ಬಂದರು.

ಈಗ ಅತ್ತೆಯೂ ಇಲ್ಲ. ಅಜ್ಜನ ಜಾಗದಲ್ಲಿ ಬೇರೆಯವರು ಮನೆ ಕಟ್ಟಿದ್ದಾರೆ. ಅವರಿಗೆ ಅಂಥವರೊಬ್ಬರಿದ್ದರೆಂದೇ ಗೊತ್ತಿಲ್ಲ. ಹಗೇವಿಗೆ ಮಣ್ಣು ತುಂಬಿ, ಮೇಲೆ ಸಿಮೆಂಟ್ ರಸ್ತೆ ಹಾಕಿದ್ದಾರೆ. ಸಂಜೆ ನಾವಿಬ್ಬರೂ ಅಡ್ಡಾಡಲು ಹೊರಟರೆ ಇವರು ಆ ಜಾಗ ತುಳಿಯುವುದಿಲ್ಲ, ಸುತ್ತಿಕೊಂಡು ಬರುತ್ತಾರೆ. ಕೇಳಿದರೆ, ಅಲ್ಲೊಂದು ಕಲ್ಲು ಎಡವುತ್ತೆ ಎನ್ನುತ್ತಾರೆ.

ಅಲ್ಲಿ ಕಲ್ಲಿಲ್ಲ.