ಫೋಟೋ ತೆಗೆಯಬೇಕು

ನಾಸಿಕ್‌ನ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಲು ಸೇರಿದ ಮೊದಲ ವರ್ಷ ನನ್ನ ಮರಾಠಿ ನೆಚ್ಚುವಂತಿರಲಿಲ್ಲ. ಕಲಬುರಗಿ ಕಡೆಯವಳಿಗೆ ಮರಾಠಿ ಅರ್ಧ ಗೊತ್ತಿರುತ್ತದೆ. ತೊಂದರೆಯೆಲ್ಲ ಆ ಅರ್ಧದಿಂದಲೇ. ಒಬ್ಬ ವಿದ್ಯಾರ್ಥಿನಿ ತನ್ನ ಸಂಶೋಧನೆಯ ಪ್ರಸ್ತಾವ ಓದಿ ಮುಗಿಸಿದ್ದಳು. ಅವಳ ವಾದವನ್ನು ಖಂಡಿಸಿ ಎಂದು ಉಳಿದವರಿಗೆ ಹೇಳಬೇಕಿತ್ತು. ಮರಾಠಿಯಲ್ಲಿ ಅದಕ್ಕೆ ‘ಖೋಡೂನ್ ಕಾಢಾ’ ಅನ್ನಬೇಕು. ನಾನು ‘ತಿಚೀ ಖೋಡೀ ಕಾಢಾ’ ಅಂದೆ. ಅಂದರೆ, ಅವಳಿಗೆ ಕೀಟಲೆ ಮಾಡಿ. ಹಿಂದಿನ ಬೆಂಚಿನವನೊಬ್ಬ ಕೈ ಚಾಚಿ ಅವಳ ಪೆನ್ನು ಕಿತ್ತುಕೊಂಡು, ‘ಕಾಢಲೀ, ಮ್ಯಾಡಮ್’, ಕೀಟಲೆ ಆಯ್ತು ಎಂದು ವರದಿ ಒಪ್ಪಿಸಿದ.

ಶನಿವಾರದ ಆ ತರಗತಿಗೆ ‘ಖೋಡಿ ತಾಸು’ ಎಂದೇ ಹೆಸರಾಯಿತು. ನಮ್ಮ ಕಡೆ ಖೋಡಿ ಎನ್ನುವುದು ಬೈಗುಳ. ಫೋನಿನಲ್ಲಿ ಹೇಳಿದಾಗ ನನ್ನ ತಾಯಿ, ಪಗಾರ ಕೊಟ್ಟು ಇದನ್ನು ಕಲಿಸಲಿಕ್ಕೆ ಇಟ್ಟುಕೊಂಡಿದ್ದಾರೇನು ಎಂದು ಕೇಳಿದಳು. ಹೆಸರು ಅದೇ ದಿನ ಬಂತೋ, ಒಂದು ವರ್ಷ ತಡವಾಗಿ ಬಂತೋ, ಪ್ರಮಾಣ ಮಾಡಿ ಹೇಳಲಾರೆ. ಅದೇ ದಿನ ಬಂದಿದ್ದರೆ ಕಥೆ ಚೆನ್ನಾಗಿರುತ್ತದೆ, ಅದಕ್ಕೇ ನನಗೆ ಅನುಮಾನ.

ಖೋಡಿ ತಾಸಿನ ನಿಯಮ ಸರಳ. ಪ್ರಸ್ತಾವ ಒಂದೇ ಪುಟ. ಓದಿದವರು ಮೊದಲ ಐದು ನಿಮಿಷ ಬಾಯಿ ತೆರೆಯುವಂತಿಲ್ಲ, ಬಂದ ಆಕ್ಷೇಪಗಳನ್ನು ಬರೆದುಕೊಳ್ಳಬೇಕು. ತಪ್ಪು ತೋರಿಸಿದವರು ಅದನ್ನು ಸರಿಪಡಿಸುವ ದಾರಿಯನ್ನೂ ಹೇಳಬೇಕು. ಹನ್ನೆರಡು ವರ್ಷ ಪಾಠ ಬಾಯಿಪಾಠ ಮಾಡಿ ಬಂದ ಮಕ್ಕಳಿಗೆ ಗೆಳತಿಯ ಮಾತನ್ನು ಎದುರಿಗೇ ಅಲ್ಲಗಳೆಯುವುದು ಕಷ್ಟ. ಕೆಣಕುವುದು ಎಂದಾಗ ಅದು ಸಲೀಸಾಗಿ ಬಂತು. ನನ್ನ ತಪ್ಪು ಪದ ಮಾಡಿದ ಉಪಕಾರವನ್ನು ಸರಿಯಾದ ಪದ ಮಾಡುತ್ತಿರಲಿಲ್ಲ.

ಹೇಳಬೇಕಾದದ್ದು ಇಬ್ಬರು ಹುಡುಗಿಯರ ಬಗ್ಗೆ. ಇಬ್ಬರೂ ಆಗ ಎರಡನೇ ವರ್ಷದಲ್ಲಿದ್ದರು. ಮೊದಲನೆಯವಳು ನಾಸಿಕ್ ಜಿಲ್ಲೆಯದೇ ಊರಾದ ಸಟಾಣಾದವಳು. ಮನೆಯಲ್ಲಿ ಈರುಳ್ಳಿ ಬೆಳೆ, ಹಿತ್ತಿಲಿಗೆ ಹೊಂದಿಕೊಂಡು ಕಾಂದಾ ಚಾಳ, ಅಂದರೆ ಗಾಳಿಯಾಡಲೆಂದು ಸಂದು ಬಿಟ್ಟು ಕಟ್ಟಿದ ಉದ್ದನೆಯ ಈರುಳ್ಳಿ ಉಗ್ರಾಣ. ಈರುಳ್ಳಿಯ ನಡುವೆ ಬೇವಿನ ಸೊಪ್ಪು ಹಾಸಿದರೆ ಕೊಳೆಯುವುದಿಲ್ಲ ಎಂದು ಅವಳ ಅಜ್ಜಿ ಹೇಳುತ್ತಿದ್ದಳು. ಅದು ನಿಜವೇ ಎಂದು ನೋಡುವುದು ಅವಳ ಪ್ರಸ್ತಾವ. ಆರು ಕ್ರೇಟಿಗೆ ಬೇವು, ಆರಕ್ಕೆ ಇಲ್ಲ. ಮೇ ತಿಂಗಳಲ್ಲಿ ತುಂಬಿ, ಆಗಸ್ಟಿನಲ್ಲಿ ತೆರೆದು ಎಣಿಸಿದಳು. ಬೇವಿನ ಕ್ರೇಟುಗಳಲ್ಲಿ ಕೊಳೆತದ್ದು ಎದ್ದು ಕಾಣುವಷ್ಟು ಕಡಿಮೆ. ಛತ್ರಪತಿ ಸಂಭಾಜಿನಗರದ ಒಂದು ಸಂಸ್ಥೆ ಜನವರಿಯಲ್ಲಿ ವಿದ್ಯಾರ್ಥಿಗಳ ಸಂಶೋಧನಾ ಮಂಡನೆ ಇಟ್ಟುಕೊಂಡಿತ್ತು. ಆಯ್ಕೆಯಾದ ಒಬ್ಬರಿಗೆ ಬೇಸಿಗೆಯಲ್ಲಿ ಆರು ವಾರ ಅಲ್ಲಿನ ಪ್ರಯೋಗಾಲಯದಲ್ಲಿ ಕೆಲಸ. ಅವಳಿಗೆ ಅದು ಬೇಕಿತ್ತು. ಬೇರೆ ಏನನ್ನೂ ಅಷ್ಟು ಬಯಸಿದ್ದನ್ನು ನಾನು ನೋಡಿಲ್ಲ. ಕೊಳೆತ ಈರುಳ್ಳಿಯಲ್ಲಿ ಬೆಳೆಯುವ ಕಪ್ಪು ಬೂಷ್ಟನ್ನು ಒಳ್ಳೆಯ ಸೂಕ್ಷ್ಮದರ್ಶಕದಲ್ಲಿ ನೋಡಬೇಕು ಎನ್ನುತ್ತಿದ್ದಳು. ನಮ್ಮ ಕಾಲೇಜಿನದರಲ್ಲಿ ಎಲ್ಲವೂ ಮಂಜು.

ಡಿಸೆಂಬರಿನ ಖೋಡಿ ತಾಸಿನಲ್ಲಿ ಅವಳು ಅಭ್ಯಾಸಕ್ಕೆಂದು ಮಂಡಿಸಿದಳು. ಐದನೇ ಸ್ಲೈಡು ಚಾಳದ ಒಳಗಿನ ಫೋಟೋ. ಆಗ ಎರಡನೆಯವಳು ಕೈ ಎತ್ತಿದಳು. ನಾಸಿಕ್ ಪಕ್ಕದ ದೇವಳಾಲಿ ಕ್ಯಾಂಪಿನಲ್ಲಿ ಬಟ್ಟೆ ಅಂಗಡಿ ಇಟ್ಟ ಬೀದರ್ ಕಡೆಯವರ ಮಗಳು. ಮಾತೆಲ್ಲ ಮರಾಠಿಯಲ್ಲಿ ನಡೆಯಿತು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಹಾಗಾಗಿ ಇಬ್ಬರೂ ಸ್ವಲ್ಪ ನನ್ನಂತೆಯೇ ಮಾತಾಡುತ್ತಾರೆ.

"ಹಸಿರು ದಾರ ಕಟ್ಟಿದ್ದು ಬೇವಿನ ಕ್ರೇಟು ಅಲ್ಲೇನು? ಆರಕ್ಕೆ ಆರೂ ಬಾಗಿಲ ಕಡೆ ಅದಾವ. ಗಾಳಿ ಹೆಚ್ಚಿಗಿ ಅಲ್ಲಿಂದನ ಬರ್ತದ."

ಸಟಾಣಾದವಳು ಐದು ನಿಮಿಷದ ನಿಯಮ ಮುರಿದಳು.

"ನೀ ಹುಟ್ಟಿದಾಗಿಂದ ಒಂದರ ಚಾಳದಾಗ ಕಾಲಿಟ್ಟಿಯೇನ?"

"ಇಲ್ಲ. ಅದಕ್ಕ ಫೋಟೋ ನೋಡ್ದೆ."

ಆ ಫೋಟೋವನ್ನು ನಾನು ನಾಲ್ಕು ಸಲವಾದರೂ ನೋಡಿದ್ದೆ. ಒಂದು ಸಲ ಅದರ ಬೆಳಕು ಹೆಚ್ಚಿಸಲು ಸಲಹೆ ಕೊಟ್ಟವಳೂ ನಾನೇ. ಬೇವಿನಿಂದ ಈರುಳ್ಳಿ ಉಳಿಯಿತೋ, ಗಾಳಿಯಿಂದ ಉಳಿಯಿತೋ ಈಗ ಹೇಳುವಂತಿರಲಿಲ್ಲ. ಮತ್ತೆ ಮಾಡಲು ಮೇ ಬರಬೇಕು, ಮಂಡನೆ ಜನವರಿಯಲ್ಲಿ.

ತಾಸು ಮುಗಿದ ಮೇಲೆ ಕ್ಯಾಂಪಿನವಳು ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಆಡಲು ತಡವರಿಸುತ್ತಾಳೆ. ನನ್ನೊಡನೆ ಅದನ್ನು ಬಳಸುವುದು ಏನಾದರೂ ತಪ್ಪೊಪ್ಪಿಕೊಳ್ಳುವಾಗ ಮಾತ್ರ.

"ಮ್ಯಾಡಮ್, ನಾ ಹೇಳಬಾರದಿತ್ತೇನ್ರಿ? ಆಕೀದು… ಚಾನ್ಸ್ ಹೋತು ಏನ್ರಿ?"

"ನೀ ಹೇಳಿದ್ದು ಖರೇ ಅದವ್ವಾ. ನಾ ನೋಡಬೇಕಿತ್ತು, ನೋಡಲಿಲ್ಲ."

ಇಷ್ಟು ದೊಡ್ಡ ಮನಸ್ಸಿನ ಉತ್ತರವನ್ನು ಅಂದೇ ಕೊಟ್ಟೆನೇ? ಆ ವರ್ಷದ ನನ್ನ ನೋಟ್‌ಬುಕ್ ಇನ್ನೂ ಇದೆ. ಖಾಸಗಿ ಟಿಪ್ಪಣಿಗಳನ್ನು ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ, ಸ್ಟಾಫ್ ರೂಮಿನಲ್ಲಿ ಯಾರಿಗೂ ಓದಲು ಬರುವುದಿಲ್ಲ. ಆ ಶನಿವಾರದ ಕೆಳಗೆ ಎರಡೇ ಪದ: ಫೋಟೋ ತೆಗೆಯಬೇಕು.

ಕನ್ನಡ ಇಲ್ಲಿ ನನಗೆ ಕೈಕೊಟ್ಟಿದೆ. ಕ್ರೇಟು, ಬಾಗಿಲು, ಗಾಳಿಯ ದಿಕ್ಕು ಎಲ್ಲ ಸ್ಪಷ್ಟವಾಗಿ ಕಾಣುವ ಹೊಸ ಫೋಟೋ ಒಂದನ್ನು ತೆಗೆಯಬೇಕು ಎಂದು ಬರೆದೆನೋ, ಇದ್ದ ಫೋಟೋವನ್ನು ಸ್ಲೈಡುಗಳಿಂದ ತೆಗೆದುಬಿಡಬೇಕು ಎಂದು ಬರೆದೆನೋ? ಫೋಟೋ ಇಲ್ಲದಿದ್ದರೆ ಸಂಭಾಜಿನಗರದಲ್ಲಿ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಮೊದಲನೆಯ ಅರ್ಥವೇ ನನ್ನದು ಎಂದು ಎಷ್ಟೋ ಸಲ ತೀರ್ಮಾನಿಸಿದ್ದೇನೆ. ಎರಡನೆಯದಾಗಿದ್ದರೂ ಇದೇ ಎರಡು ಪದ ಬರೆಯುತ್ತಿದ್ದೆ.

ನಿರ್ಧಾರ ನಿನ್ನದು ಎಂದು ಸಟಾಣಾದವಳಿಗೆ ಹೇಳಿದ್ದೆನೆಂದು ನನ್ನ ನೆನಪು. ನೀವು ಒಂದು ವಾರ ಆ ಮಾತೇ ಎತ್ತಲಿಲ್ಲ ಎಂದು ಅವಳು ಮುಂದೊಮ್ಮೆ ಹೇಳಿದಳು. ಅವಳ ಮಾತನ್ನೇ ನಂಬುತ್ತೇನೆ. ಎಣಿಸುವುದರಲ್ಲಿ ಅವಳು ತಪ್ಪಿದವಳಲ್ಲ.

ಜನವರಿಯಲ್ಲಿ ಯೇವಲಾ, ವೈಜಾಪುರದ ಮೇಲೆ ಹೋಗುವ ಸರ್ಕಾರಿ ಎಸ್‌ಟಿ ಬಸ್ಸಿನಲ್ಲಿ ಮೂವರೂ ಸಂಭಾಜಿನಗರಕ್ಕೆ ಹೋದೆವು. ಕ್ಯಾಂಪಿನವಳನ್ನು ಕರೆದವಳು ಸಟಾಣಾದವಳೇ. ಕರೆದ ರೀತಿ ಮಾತ್ರ, ಬಾ, ಅಲ್ಲೂ ಖೋಡಿ ತೆಗೀಬೇಕಲ್ಲ ನೀನು ಎಂದು. ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು. ಸ್ಲೈಡುಗಳಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ. ಕೇಳಲು ಹೆದರಿಕೆ ಇತ್ತು.

ಸಭಾಂಗಣದಲ್ಲಿ ಅವಳಿಗೆ ಸಿಕ್ಕದ್ದು ಎಂಟು ನಿಮಿಷ. ಐದನೇ ಸ್ಲೈಡು ಬಂತು. ಅದೇ ಫೋಟೋ, ಪರದೆ ತುಂಬ, ಬಾಗಿಲಿನಿಂದ ಒಳಕ್ಕೆ ಒಂದು ಕೆಂಪು ಬಾಣ. ತನ್ನ ಬೇವಿನ ಕ್ರೇಟುಗಳೆಲ್ಲ ಗಾಳಿ ಬರುವ ಕಡೆ ಇದ್ದವು, ಆದ್ದರಿಂದ ಈ ಫಲಿತಾಂಶ ಬೇವಿನದೋ ಗಾಳಿಯದೋ ತನಗೆ ಗೊತ್ತಿಲ್ಲ, ಇದನ್ನು ಕಂಡುಹಿಡಿದವಳು ತನ್ನ ತರಗತಿಯವಳು, ಅಗೋ ಅಲ್ಲಿ ಕೂತಿದ್ದಾಳೆ ಎಂದಳು. ಮುಂದಿನ ಸಲ ಯಾವ ಕ್ರೇಟು ಎಲ್ಲಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುವುದಾಗಿ ಹೇಳಿದಳು. ತೀರ್ಪುಗಾರರಲ್ಲಿ ಹಿರಿಯರೊಬ್ಬರು ಕನ್ನಡಕ ತೆಗೆದರು.

"ಗೊತ್ತಿಲ್ಲ ಅಂದಮೇಲೆ ಇಷ್ಟು ದೂರ ಯಾಕೆ ಬಂದಿ?"

"ಗೊತ್ತಿಲ್ಲ ಅನ್ನೋದು ಹೆಂಗ ಗೊತ್ತಾತು ಅಂತ ಹೇಳಲಿಕ್ಕೆ ಬಂದೆ, ಸರ್."

ಸಭೆ ನಕ್ಕಿತು. ಅವರು ನಗಲಿಲ್ಲ, ಏನನ್ನೋ ಬರೆದುಕೊಂಡರು. ನಾನು ಹಿಂದಿನ ಸಾಲಿನಲ್ಲಿದ್ದೆ. ಇಷ್ಟು ವರ್ಷಗಳ ಕೆಲಸದಲ್ಲಿ ಅಂಥ ಹೆಮ್ಮೆ ನನಗೆ ಇನ್ನೊಮ್ಮೆ ಆಗಿಲ್ಲ. ಅದರಲ್ಲಿ ನನ್ನ ಪಾಲೆಷ್ಟು ಎಂದು ಲೆಕ್ಕ ಹಾಕಿದರೆ ನಾಚಿಕೆಯೂ ಆಗುತ್ತದೆ.

ಆಯ್ಕೆ ಅವಳದಾಗಲಿಲ್ಲ. ಆರು ವಾರದ ಜಾಗ ಬೇರೆ ಊರಿನ ಹುಡುಗನಿಗೆ ಹೋಯಿತು. ಅವನ ಕೆಲಸ ಚೆನ್ನಾಗಿತ್ತು ಎಂದು ಹುಡುಗಿಯರಿಬ್ಬರೂ ಒಪ್ಪಿದರು. ವಾಪಸ್ ಬರುವಾಗ ಯೇವಲಾದಲ್ಲಿ ಚಹಾಕ್ಕೆ ಇಳಿದೆವು. ಸಟಾಣಾದವಳು ಗ್ಲಾಸು ಹಿಡಿದುಕೊಂಡೇ ಕೇಳಿದಳು.

"ಫೋಟೋ ತೋರಿಸದಿದ್ರ ಸಿಗ್ತಿತ್ತೇನ್ರಿ, ಮ್ಯಾಡಮ್?"

"ಸಿಗ್ತಿತ್ತು ಅನಸ್ತದ."

ಅವಳು ತಲೆಯಾಡಿಸಿ ಚಹಾ ಕುಡಿದು ಮುಗಿಸಿದಳು. ಕ್ಯಾಂಪಿನವಳು ತನ್ನ ಗ್ಲಾಸು ಕೆಳಗಿಟ್ಟಳು. ಚೀಟಿ ಎತ್ತಿದರೆ ಸಾಲದು, ಬೇವು ಯಾವುದರಲ್ಲಿದೆ ಎಂದು ಗೊತ್ತಿದ್ದವಳೇ ಎಣಿಸಿದರೆ ಕಣ್ಣು ಅತ್ತ ವಾಲುತ್ತದೆ ಎಂದಳು. ಹಾಗಾದರೆ ಎಣಿಸಲು ನೀನೇ ಬಾ, ಸೊಪ್ಪು ನಾನು ಮೊದಲೇ ಆರಿಸಿ ಹೊರಗೆ ಹಾಕಿರುತ್ತೇನೆ, ನಮ್ಮ ಚಾಳದ ಧೂಳಿಗೆ ಸೀನಿ ಸಾಯಿ ಎಂದಳು ಸಟಾಣಾದವಳು. ಬಸ್ಸಿನ ಹಾರ್ನ್ ಕೇಳಿಸಿದರೂ ಇಬ್ಬರೂ ಏಳಲಿಲ್ಲ.

ಆಗಸ್ಟಿನಲ್ಲಿ ಒಂದು ಭಾನುವಾರ ಸಟಾಣಾದಿಂದ ಫೋನ್ ಬಂತು. ಕ್ಯಾಂಪಿನವಳು ನಿನ್ನೆಯೇ ಬಂದಿದ್ದಾಳೆ, ಒಂದು ಈರುಳ್ಳಿಯ ಬಗ್ಗೆ ಜಗಳ, ನೀವೇ ಹೇಳಿ ಎಂದಳು ಸಟಾಣಾದವಳು. ಮೇಲಿನ ಸಿಪ್ಪೆ ಕಪ್ಪಾಗಿದೆ, ಒಳಗೆ ಗಟ್ಟಿಯಾಗಿದೆ, ಇದು ಕೊಳೆತ ಲೆಕ್ಕಕ್ಕೋ, ಅಲ್ಲವೋ. ನಾನು ಬಾಯಿ ತೆರೆಯುವ ಮೊದಲೇ ಕ್ಯಾಂಪಿನವಳ ಸ್ವರ ನಡುವೆ ಬಂತು: ಕೊಳೆತದ್ದು ಎಂದರೆ ಏನೆಂದು ಮೇ ತಿಂಗಳಲ್ಲೇ ಬರೆದಿಡಬೇಕಿತ್ತು. ಬರೆದಿದ್ದೇನೆ, ನೀನೇ ಓದಿಲ್ಲ ಎಂದು ಇವಳು. ಪುಟ ಮಗುಚುವ ಸಪ್ಪಳ, ಯಾರೋ ಸೀನಿದರು, ಮತ್ತೆ ವಾದ. ನಾನು ಲೈನಿನಲ್ಲಿದ್ದೇನೆ ಎಂಬುದು ಇಬ್ಬರಿಗೂ ಮರೆತುಹೋಗಿತ್ತು. ಫೋನ್ ಇಡದೆ ಅಡುಗೆಮನೆಯ ಕಟ್ಟೆಗೆ ಒರಗಿ ಕೇಳುತ್ತ ನಿಂತೆ.