ತುಟಿ ಓದುವವರ ಊರು

ಹಾರ್ಲ್‌ಡನ್ನಿನಲ್ಲಿ ಗುಟ್ಟು ಉಳಿಯುವುದಿಲ್ಲ. ಬಟ್ಟೆ ಗಿರಣಿಯ ಅಬ್ಬರದಲ್ಲಿ ಅಲ್ಲಿನ ಹೆಂಗಸರು ದನಿಯಿಲ್ಲದೆ, ಬರೀ ತುಟಿಯಾಡಿಸಿ ಮಾತಾಡುತ್ತಿದ್ದವರು. ಗಿರಣಿ ಮುಚ್ಚಿ ಹತ್ತೊಂಬತ್ತು ವರ್ಷವಾದರೂ ಬಸ್ಸಿನಲ್ಲಿ, ಚರ್ಚಿನಲ್ಲಿ ಹಾಗೆಯೇ ಹರಟುತ್ತಾರೆ, ಬೇರೆ ಯಾರಿಗೂ ತಿಳಿಯದೆಂಬ ಧೈರ್ಯದಲ್ಲಿ.

ವಿನ್ನಿ ಹಾರ್ಗ್ರೀವ್ಸ್‌ಗೂ ಆ ಧೈರ್ಯವಿತ್ತು. ಎಪ್ಪತ್ತರ ವಿನ್ನಿ ಆ ಶನಿವಾರ ಬೆಳಿಗ್ಗೆ ತನ್ನ ಹಳೆಯ ಮಗ್ಗದ ಮುಂದೆ ನಿಂತಿದ್ದಳು. ಗಿರಣಿ ಈಗ ವಸ್ತುಸಂಗ್ರಹಾಲಯ. ಬಂದವರಿಗೆ ನೇಯ್ದು ತೋರಿಸಲು ಒಬ್ಬರು ಬೇಕಾಗಿತ್ತು. ಮೇಲ್ವಿಚಾರಕ ಕ್ರಾಬ್‌ಟ್ರೀಯ ಕಣ್ಣೆದುರು ಒಂದು ಗಜ ನೇಯ್ದರೆ ಕೆಲಸ ಅವಳದು; ಮನೆಯ ಕಿಟಕಿ ಒರೆಸಿ ಒರೆಸಿ ಅವಳಿಗೆ ಸಾಕಾಗಿತ್ತು.

"ಬಿದ್ದುಗಿದ್ದೀಯ, ಮುದುಕಿ," ಎಂದಳು ಗೆಳತಿ ಅಡಾ.

"ನೀನು ಬಾಯ್ಮುಚ್ಕೊಂಡು ನೋಡೇ!"

ಆರು ಯಂತ್ರಮಗ್ಗಗಳು ಒಟ್ಟಿಗೆ ಶುರುವಾದವು. ನೆಲ ನಡುಗಿತು. ವಿನ್ನಿಯ ಪಾದಗಳಿಗೆ ಜೀವ ಬಂತು! ಲಾಳಿ ಆಚೆಗೆ, ಈಚೆಗೆ, ಮತ್ತೆ ಆಚೆಗೆ. ಮುಕ್ಕಾಲು ಗಜವಾಗುವಷ್ಟರಲ್ಲಿ ಉದ್ದಕ್ಕೆ ಬಿಗಿದ ಹಾಸಿನ ಒಂದು ಎಳೆ ಕಡಿದುಹೋಯಿತು. ತನ್ನ ಮಗ್ಗ ನಿಲ್ಲಿಸಿ ಎರಡೂ ತುದಿ ಹಿಡಿದಳು. ಒಂದು ಕಾಲಕ್ಕೆ ದಿನಕ್ಕೆ ನೂರು ಸಲ ಹಾಕುತ್ತಿದ್ದ ಗಂಟು. ಬೆರಳುಗಳು ಹಾಗೇ ನಿಂತವು. ಕ್ರಾಬ್‌ಟ್ರೀ ಗಡಿಯಾರ ನೋಡಿದ.

ಉಳಿದ ಐದು ಮಗ್ಗಗಳ ಸದ್ದಿನಲ್ಲಿ ಅವಳು ಅಡಾಳತ್ತ ತುಟಿಯಾಡಿಸಿದಳು: "ಗಂಟು ಮರ್ತೋಯ್ತು ಕಣೇ!"

ಅಡಾ ಗಾಬರಿಯಿಂದ ಬಾಯಿಗೆ ಕೈ ಅಡ್ಡ ಹಿಡಿದಳು. ಬಾಯಿ ಮುಚ್ಚಿಕೊಂಡರೆ ಓದುವುದೇನನ್ನು? ಆದರೆ ನೋಡಲು ಬಂದು ಅವಳ ಪಕ್ಕದಲ್ಲಿ ನಿಂತಿದ್ದ ಊರಿನ ಬಸ್ ಚಾಲಕ ಬಶಾರತ್ ಹುಸೇನ್ ತನ್ನ ಪೊದೆ ಮೀಸೆಯನ್ನು ಎರಡು ಬೆರಳಿನಿಂದ ಮೇಲೆತ್ತಿ ಹಿಡಿದು, ನಿಧಾನವಾಗಿ ತುಟಿಯಾಡಿಸತೊಡಗಿದ.

"ಬಲದೆಳೆ ಕೆಳಗಿಡಿ. ಹೆಬ್ಬೆರಳ ಸುತ್ತ ತನ್ನಿ. ಎಡದ ತುದಿ ಕುಣಿಕೆಗೆ ತೂರ್ಸಿ. ಈಗ ಎಳೀರಿ!"

ಗಂಟು ಬಿತ್ತು! ಲಾಳಿ ಹಾರಿತು. ಗಜ ತುಂಬಿತು. ಕ್ರಾಬ್‌ಟ್ರೀ ಅವಳ ಕೈ ಕುಲುಕಿ, ಮುಂದಿನ ಶನಿವಾರದಿಂದ ಬರಲು ಹೇಳಿದ.

ಸದ್ದಡಗಿದ ಮೇಲೆ ವಿನ್ನಿ ನೇರ ಬಶಾರತ್‌ನ ಮುಂದೆ ಬಂದಳು. "ನಿಮಗೆ ಹೇಗ್ರೀ ಗೊತ್ತು?"

"ಹನ್ನೊಂದು ವರ್ಷ ರಾತ್ರಿ ಪಾಳಿ ಮಾಡಿದೀನಿ. ಇದೇ ಮಗ್ಗ. ಬೆಳಿಗ್ಗೆ ನೀವು ಬಂದಾಗ ಬೆಚ್ಚಗಿರ್ತಿತ್ತಲ್ಲ, ಅದು ನನ್ನಿಂದ."

"ಹಾಗಾದ್ರೆ ಬಸ್ಸಿನಲ್ಲಿ ನಾವು…"

"ಕನ್ನಡೀಲಿ ಎಲ್ಲಾ ಕಾಣ್ಸುತ್ತೆ. ಈ ಮೀಸೇನ ಸತ್ತ ಬೆಕ್ಕು ಅಂದಿದ್ದು ಅಡಾ. ಬಿದ್ದು ಬಿದ್ದು ನಕ್ಕಿದ್ದು ನೀವು."

ಅಡಾ ಅಷ್ಟರಲ್ಲಿ ಬಾಗಿಲು ದಾಟಿದ್ದಳು.

ಮುಂದಿನ ಶನಿವಾರ ಎಂಟೂವರೆಯ ಬಸ್ಸಿನಲ್ಲಿ ವಿನ್ನಿ ಮುಂದಿನ ಸೀಟಿನಲ್ಲೇ ಕೂತಳು. ಚಾಲಕನ ಕನ್ನಡಿಗೆ ಮುಖ ಕೊಟ್ಟು, ದನಿಯಿಲ್ಲದೆ ಹೇಳಿದಳು: "ಬೇಗ ಓಡ್ಸಿ, ಕೆಲಸಕ್ಕೆ ಹೊತ್ತಾಯ್ತು!"